ಮೊಸರು ಹಾಲಿನಲ್ಲಿ ಮೊದಲೇ ಇತ್ತಾ?

ಮಳೆಗಾಲದಲ್ಲಿ ಕೊಪ್ಪ, ಶೃಂಗೇರಿ ಕಡೆ ರಾತ್ರಿ ಹೆಪ್ಪು ಹಾಕಿದ ಹಾಲು ಬೆಳಗ್ಗೆ ಗಟ್ಟಿಯಾಗಿರುತ್ತದೆ ಎಂಬ ಖಾತ್ರಿ ಇಲ್ಲ. ಪಾತ್ರೆಗೆ ಬಟ್ಟೆ ಸುತ್ತಿ ಒಲೆಯ ಪಕ್ಕ ಇಡಬೇಕು. ಅರಸೀಕೆರೆಯ ಬೇಸಿಗೆಯಲ್ಲಿ ಅದೇ ಹಾಲು ಬೇಗ ಮೊಸರಾಗಿ, ನೋಡನೋಡುತ್ತ ಹುಳಿಯೂ ಆಗುತ್ತದೆ. ಇದು ಅಡುಗೆಮನೆಯ ವಿಷಯ, ಸರಿ. ಆದರೆ ಜಗತ್ತು ಹೇಗೆ ಆಯಿತು, ಹೇಗೆ ಬದಲಾಗುತ್ತದೆ ಎಂದು ಭಾರತದ ದಾರ್ಶನಿಕರು ಶತಮಾನಗಟ್ಟಲೆ ವಾದ ಮಾಡುವಾಗ ಮತ್ತೆ ಮತ್ತೆ ನಡುವೆ ಇಟ್ಟುಕೊಂಡದ್ದು ಇದೇ ಪಾತ್ರೆಯನ್ನು. ಸಾಂಖ್ಯರು, ನೈಯಾಯಿಕರು, ಬೌದ್ಧರು, ಜೈನರು, ವೇದಾಂತಿಗಳು, ಎಲ್ಲರ ಗ್ರಂಥದಲ್ಲೂ ಹಾಲು ಮೊಸರಾಗುತ್ತದೆ. ಒಬ್ಬೊಬ್ಬರಲ್ಲಿ ಒಂದೊಂದು ಥರ.

ಪ್ರಶ್ನೆ ಸಣ್ಣದು. ನಿನ್ನೆ ಮೊಸರು ಇರಲಿಲ್ಲ, ಇವತ್ತು ಇದೆ. ಎಲ್ಲಿಂದ ಬಂತು? ಹಾಲಿನೊಳಗೇ ಇತ್ತು ಅಂದರೆ ನಿನ್ನೆ ಯಾಕೆ ಕಾಣಲಿಲ್ಲ? ಇರಲಿಲ್ಲ ಅಂದರೆ ಇಲ್ಲದ್ದು ಬಂದದ್ದು ಹೇಗೆ? ಮೊಸರಿನ ಜಾಗದಲ್ಲಿ ಬೆಟ್ಟ, ಮರ, ಮನುಷ್ಯ, ಇಡೀ ಲೋಕ ಇಟ್ಟು ನೋಡಿ. ಪ್ರಶ್ನೆ ಬದಲಾಗುವುದಿಲ್ಲ.

ಈ ವಾದದ ದೊಡ್ಡ ಪಕ್ಷಗಳಲ್ಲಿ ಮೂರು ನಮ್ಮ ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲೇ ಮನೆ ಮಾಡಿವೆ. ಶ್ರವಣಬೆಳಗೊಳದಲ್ಲಿ ಜೈನರು, ಬೇಲೂರಿನಲ್ಲಿ ವೈಷ್ಣವರು, ಶೃಂಗೇರಿಯಲ್ಲಿ ಅದ್ವೈತಿಗಳು. ಮೂರೂ ಕಡೆ ಹೋಗಿ ಕೈಮುಗಿದು ಬರುವವರು ಬೇಕಾದಷ್ಟು ಜನ ಇದ್ದಾರೆ. ಅಲ್ಲಿನವರು ಒಬ್ಬರನ್ನೊಬ್ಬರು ಎಷ್ಟು ಬಿಗಿಯಾಗಿ ಪ್ರಶ್ನೆ ಮಾಡಿದ್ದರು ಎಂಬುದು ಮಾತ್ರ ನಮ್ಮ ಮಾತಿನಲ್ಲಿ ಬರುವುದೇ ಅಪರೂಪ.

ಮೊದಲು ಸಾಂಖ್ಯರು. ಅವರ ಉತ್ತರ: ಇತ್ತು. ಈಶ್ವರಕೃಷ್ಣನ ಸಾಂಖ್ಯಕಾರಿಕೆಯ 9ನೇ ಶ್ಲೋಕ ಇದಕ್ಕೆ ಐದು ಕಾರಣ ಕೊಡುತ್ತದೆ. ಇಲ್ಲದ್ದನ್ನು ಯಾರೂ ಮಾಡಲಾರರು. ಏನಾದರೂ ಮಾಡಬೇಕಾದವರು ಅದಕ್ಕೆ ತಕ್ಕ ವಸ್ತುವನ್ನೇ ಹುಡುಕುತ್ತಾರೆ, ಮೊಸರು ಬೇಕೆಂದು ಯಾರೂ ನೀರಿಗೆ ಹೆಪ್ಪು ಹಾಕುವುದಿಲ್ಲ. ಎಲ್ಲದರಿಂದಲೂ ಎಲ್ಲವೂ ಹುಟ್ಟುವುದಿಲ್ಲ. ಶಕ್ತಿ ಇರುವ ವಸ್ತು ತನ್ನ ಕೈಲಾಗುವುದನ್ನಷ್ಟೇ ಮಾಡುತ್ತದೆ. ಕೊನೆಯದಾಗಿ, ಕಾರ್ಯಕ್ಕೆ ಇರುವುದು ಕಾರಣದ ಸ್ವಭಾವವೇ. ಇದಕ್ಕೆ ಸತ್ಕಾರ್ಯವಾದ ಎಂದು ಹೆಸರು. ಹುಟ್ಟು ಅಂದರೆ ಮರೆಯಲ್ಲಿದ್ದದ್ದು ಹೊರಗೆ ಬರುವುದು, ನಾಶ ಅಂದರೆ ಮತ್ತೆ ಮರೆಗೆ ಸರಿಯುವುದು.

ಜಗತ್ತಿಗೂ ಇದೇ ಲೆಕ್ಕ. ಪ್ರಕೃತಿ ಎಂಬ ಒಂದೇ ಮೂಲ. ಅದರಲ್ಲಿ ಸತ್ವ, ರಜಸ್ಸು, ತಮಸ್ಸು ಮೂರೂ ಸಮವಾಗಿದ್ದಾಗ ಏನೂ ಕಾಣುವುದಿಲ್ಲ. ಸಮತೋಲ ತಪ್ಪಿದಾಗ ಬುದ್ಧಿ, ಅದರಿಂದ ಅಹಂಕಾರ, ಅದರಿಂದ ಮನಸ್ಸು, ಇಂದ್ರಿಯ, ಸೂಕ್ಷ್ಮಭೂತ, ಕೊನೆಗೆ ಮಣ್ಣು, ನೀರು ಮುಂತಾದ ಪಂಚಭೂತಗಳು ಒಂದರ ಹಿಂದೆ ಒಂದು ಬಿಚ್ಚಿಕೊಳ್ಳುತ್ತವೆ. ನೋಡುವವನಾದ ಪುರುಷನನ್ನೂ ಸೇರಿಸಿದರೆ ಒಟ್ಟು 25 ತತ್ವ. ಹೊಸದಾಗಿ ಏನೂ ಸೇರುವುದಿಲ್ಲ, ಏನೂ ಕಳೆಯುವುದಿಲ್ಲ.

ತರ್ಕಕ್ಕೆ ಹೆಸರಾದ ನ್ಯಾಯದರ್ಶನದ ನೈಯಾಯಿಕರಿಗೆ ಇದು ಹಿಡಿಸಲಿಲ್ಲ. ಮೊಸರು ಇದ್ದೇ ಇದ್ದರೆ ಹೆಪ್ಪು ಯಾಕೆ ಹಾಕಬೇಕು? ಹಾಲು ಕುಡಿದಾಗ ಹುಳಿ ಯಾಕೆ ಹತ್ತುವುದಿಲ್ಲ? ಸಾಂಖ್ಯರು ಹೇಳುತ್ತಾರೆ: ಇತ್ತು, ಪ್ರಕಟವಾಗಿರಲಿಲ್ಲ. ಆಗ ನೈಯಾಯಿಕರು ಒಂದು ಒಳ್ಳೆಯ ಪಟ್ಟು ಹಾಕುತ್ತಾರೆ. ಆ ಪ್ರಕಟವಾಗುವಿಕೆ ಇದೆಯಲ್ಲ, ಅದು ಹಾಲಿನಲ್ಲಿ ಮೊದಲೇ ಇತ್ತೋ ಇಲ್ಲವೋ? ಇತ್ತು ಅಂದರೆ ನಿನ್ನೆಯೇ ಮೊಸರು ಕಾಣಬೇಕಿತ್ತು. ಇರಲಿಲ್ಲ ಅಂದರೆ, ಇಲ್ಲದ್ದು ಒಂದು ಹೊಸದಾಗಿ ಹುಟ್ಟಿತು ಎಂದು ನೀವೇ ಒಪ್ಪಿದ ಹಾಗಾಯಿತು! ಇದಕ್ಕೆ ಸಾಂಖ್ಯರು ಕೊಟ್ಟ ಯಾವ ಉತ್ತರವೂ ನನಗೆ ಪೂರ್ತಿ ಸಮಾಧಾನ ತಂದಿಲ್ಲ.

ನೈಯಾಯಿಕರ ಸ್ವಂತ ನಿಲುವು ಆರಂಭವಾದ. ಹಾಲಿನ ಜೋಡಣೆ ಒಡೆದು ಹೋಗುತ್ತದೆ. ಅದೇ ಪರಮಾಣುಗಳು ಬೇರೆ ರೀತಿ ಕೂಡಿಕೊಂಡು ಮೊಸರು ಎಂಬ ನಿಜಕ್ಕೂ ಹೊಸ ವಸ್ತು ಶುರುವಾಗುತ್ತದೆ. ಪರಮಾಣುಗಳು ಹಳೆಯವು, ವಸ್ತು ಹೊಸದು. ಅವನ್ನು ಕೂಡಿಸಲು ತಿಳಿವಳಿಕೆ ಇರುವ ಒಬ್ಬ ಕರ್ತ ಬೇಕು, ಹಾಗಾಗಿ ಈಶ್ವರ. ಆದರೆ ಇವರಿಗೂ ಒಂದು ತೊಡಕು ಇದೆ. ಮೊಸರು ಹಾಲಿನಲ್ಲಿ ಇರಲಿಲ್ಲ, ನೀರಿನಲ್ಲೂ ಇರಲಿಲ್ಲ. ಎರಡು ಕಡೆಯೂ ಇಲ್ಲ ಎಂದಮೇಲೆ ಹಾಲಿಂದ ಮಾತ್ರ ಯಾಕೆ ಬಂತು?

ಗ್ರೀಸಿನಲ್ಲೂ ಇದೇ ಗಂಟು ಬಿದ್ದಿತ್ತು. ಪಾರ್ಮೆನಿಡೀಸ್ ಬದಲಾವಣೆಯೇ ಸುಳ್ಳು ಎಂದುಬಿಟ್ಟ. ಅರಿಸ್ಟಾಟಲ್, ಆಗಬಲ್ಲದ್ದಾಗಿ ಇರುವುದು ಬೇರೆ, ಆಗಿ ಇರುವುದು ಬೇರೆ ಎಂದು ಗಂಟು ಬಿಡಿಸಲು ನೋಡಿದ.

ನಾಗಾರ್ಜುನ ಬಂದಾಗ ವಾದದ ದಿಕ್ಕೇ ಬದಲಾಯಿತು. ಸುಮಾರು ಎರಡನೇ ಶತಮಾನದ ಈ ಬೌದ್ಧ ಚಿಂತಕ ಮೂಲಮಧ್ಯಮಕಕಾರಿಕೆಯ 13ನೇ ಪ್ರಕರಣದಲ್ಲಿ ಹಾಲಿನ ಪಾತ್ರೆಗೆ ಕೈ ಹಾಕುತ್ತಾನೆ. ಹಾಲೇ ಮೊಸರಾಯಿತು ಅನ್ನುತ್ತೀರಾ? ಹಾಗಾದರೆ ಹಾಲೇ ಮೊಸರು, ಬದಲಾವಣೆ ಏನೂ ಆಗಲೇ ಇಲ್ಲ. ಹಾಲಲ್ಲ, ಬೇರೆ ಯಾವುದೋ ಮೊಸರಾಯಿತು ಅನ್ನುತ್ತೀರಾ? ಆ ಬೇರೆ ಯಾವುದು? ಎರಡೂ ಪಕ್ಷದವರು ಒಂದು ಮಾತನ್ನು ಸುಮ್ನೆ ಒಪ್ಪಿಕೊಂಡುಬಿಟ್ಟಿದ್ದಾರೆ, ಹಾಲಿಗೆ ತನ್ನದೇ ಆದ ಗಟ್ಟಿ ಸ್ವಭಾವ ಇದೆ ಎಂದು. ಹಾಗೆ ಇದ್ದಿದ್ದರೆ ಅದು ಯಾವತ್ತೂ ಹಾಲಾಗಿಯೇ ಉಳಿಯುತ್ತಿತ್ತು. ಬದಲಾವಣೆ ಸಾಧ್ಯವಾಗಿರುವುದೇ ಅಂಥ ಸ್ವಭಾವ ಇಲ್ಲದಿರುವುದರಿಂದ. ಇದನ್ನೇ ಅವನು ಶೂನ್ಯತೆ ಎನ್ನುವುದು. ಏನೂ ಇಲ್ಲ ಎಂಬ ಅರ್ಥ ಅದಕ್ಕಿಲ್ಲ.

ಬೌದ್ಧರ ಪ್ರತೀತ್ಯಸಮುತ್ಪಾದದ ತಿರುಳು ಇಷ್ಟೇ: ಇದು ಇದ್ದರೆ ಅದು ಆಗುತ್ತದೆ, ಇದು ಇಲ್ಲದಿದ್ದರೆ ಅದು ಆಗುವುದಿಲ್ಲ. ಹಾಲು, ಹೆಪ್ಪು, ಬೆಚ್ಚಗಿನ ಜಾಗ, ಒಂದಷ್ಟು ಹೊತ್ತು. ಇವು ಕೂಡಿದರೆ ಮೊಸರು. ಆಷಾಢದಲ್ಲಿ ಶೃಂಗೇರಿಯ ಹಾಲು ಹೆಪ್ಪಾಗದಿದ್ದರೆ ಇವುಗಳಲ್ಲಿ ಒಂದು ಕಡಿಮೆ ಬಿದ್ದಿದೆ, ಅಷ್ಟೇ. ಒಳಗೆ ಅಡಗಿ ಕೂತ ಮೊಸರೂ ಬೇಡ, ಹೊರಗೆ ಕೂತು ಮಾಡುವ ಕರ್ತನೂ ಬೇಡ.

ಈಗ ಶ್ರವಣಬೆಳಗೊಳಕ್ಕೆ ಬರೋಣ. ಸುಮಾರು 981ರಲ್ಲಿ ಗಂಗರ ಮಂತ್ರಿ ಚಾವುಂಡರಾಯ ಕಡೆಸಿದ ಗೊಮ್ಮಟನನ್ನು ನೋಡಲು ಎಲ್ಲರೂ ವಿಂಧ್ಯಗಿರಿ ಹತ್ತುತ್ತಾರೆ. ಎದುರಿನ ಚಂದ್ರಗಿರಿಗೆ ಹೋಗುವವರು ಕಡಿಮೆ. ಅಲ್ಲಿ ಪಾರ್ಶ್ವನಾಥ ಬಸದಿಯಲ್ಲಿ 1129ರ ಮಲ್ಲಿಷೇಣ ಪ್ರಶಸ್ತಿ ಎಂಬ ಶಾಸನ ಇದೆ. ಅದರಲ್ಲಿ ಸಮಂತಭದ್ರ ಎಂಬ ಹಳೆಯ ಜೈನ ಆಚಾರ್ಯ ಪಾಟಲಿಪುತ್ರ, ಮಾಳವ, ಸಿಂಧು, ಕಂಚಿ ಎಂದು ಊರೂರು ತಿರುಗಿ, ತಾಕತ್ತಿದ್ದವರು ವಾದಕ್ಕೆ ಬನ್ನಿ ಎಂದು ಭೇರಿ ಬಾರಿಸಿದ ವರ್ಣನೆ ಬರುತ್ತದೆ. ಈಗಿನ ಟಿವಿ ಚರ್ಚೆಯವರೂ ಅಷ್ಟು ಧೈರ್ಯ ಮಾಡಲಾರರು.

ಈ ಸಮಂತಭದ್ರನ ಆಪ್ತಮೀಮಾಂಸೆಯಲ್ಲಿ ಎರಡೇ ಸಾಲಿನ ಒಂದು ಶ್ಲೋಕ ಇದೆ. ಮೂವರು ವ್ರತ ಹಿಡಿದಿದ್ದಾರೆ ಅಂದುಕೊಳ್ಳಿ. ಒಬ್ಬರು ಹಾಲು ಮಾತ್ರ ತೆಗೆದುಕೊಳ್ಳುವವರು, ಅವರು ಮೊಸರು ಮುಟ್ಟುವುದಿಲ್ಲ. ಇನ್ನೊಬ್ಬರು ಮೊಸರು ಮಾತ್ರ, ಅವರು ಹಾಲು ಕುಡಿಯುವುದಿಲ್ಲ. ಮೂರನೆಯವರು ಹಸುವಿನದ್ದು ಏನೂ ಬೇಡ ಎಂದವರು, ಅವರು ಎರಡನ್ನೂ ಬಿಡುತ್ತಾರೆ. ಹೆಪ್ಪು ಹಾಕಿದ ಪಾತ್ರೆ ಬೆಳಗ್ಗೆ ಇವರ ಮುಂದೆ ಬರುತ್ತದೆ. ಮೊದಲಿನವರಿಗೆ ಹಾಲು ಹೋಯಿತು. ಎರಡನೆಯವರಿಗೆ ಮೊಸರು ಹುಟ್ಟಿತು. ಮೂರನೆಯವರಿಗೆ ಬದಲಾವಣೆಯೇ ಇಲ್ಲ, ನಿನ್ನೆಯೂ ಬಿಡಬೇಕಿತ್ತು, ಇವತ್ತೂ ಬಿಡಬೇಕು. ಆದ್ದರಿಂದ ವಸ್ತುವಿಗೆ ಮೂರು ಮುಖ ಎಂದು ಶ್ಲೋಕ ಮುಗಿಯುತ್ತದೆ.

ಇದರ ಹಿಂದೆ ಇರುವುದು ಉಮಾಸ್ವಾತಿಯ ತತ್ವಾರ್ಥಸೂತ್ರದ ಮಾತು. ಇರುವುದು ಎಂದರೆ ಉತ್ಪಾದ, ವ್ಯಯ, ಧ್ರೌವ್ಯ ಮೂರೂ ಕೂಡಿರುವುದು. ಹುಟ್ಟುವುದು, ಹೋಗುವುದು, ಉಳಿಯುವುದು. ಮೊದಲು ಒಂದು, ಆಮೇಲೆ ಒಂದು ಅಂತಲ್ಲ, ಪ್ರತಿ ಕ್ಷಣವೂ ಮೂರೂ ಒಟ್ಟಿಗೆ. ದ್ರವ್ಯ ಉಳಿಯುತ್ತದೆ, ಅದರ ಪರ್ಯಾಯಗಳು, ಅಂದರೆ ಅದು ತಾಳುವ ಅವಸ್ಥೆಗಳು ಬಂದು ಹೋಗುತ್ತವೆ. ಜೈನರ ಪಟ್ಟಿಯಲ್ಲಿ ಜೀವ, ಪುದ್ಗಲ (ಜಡವಸ್ತು), ಧರ್ಮ, ಅಧರ್ಮ, ಆಕಾಶ, ಕಾಲ ಎಂದು ಆರು ದ್ರವ್ಯ. ಇಲ್ಲಿ ಧರ್ಮ ಎಂದರೆ ಪುಣ್ಯಕಾರ್ಯ ಅಲ್ಲ, ಚಲನೆಗೆ ಒತ್ತಾಸೆಯಾಗುವ ಮಾಧ್ಯಮ. ಚಾವುಂಡರಾಯನ ಕಾಲದಲ್ಲೇ ಇದ್ದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿ ಈ ವಿಷಯಗಳ ಮೇಲೆ ದೊಡ್ಡ ದೊಡ್ಡ ಗ್ರಂಥ ಬರೆದವರು. ಜಗತ್ತನ್ನು ಯಾರೂ ಸೃಷ್ಟಿಸಲಿಲ್ಲ ಎಂಬುದೂ ಇದರ ಜೊತೆಗೇ ಬರುತ್ತದೆ. ದ್ರವ್ಯಗಳು ಯಾವಾಗಲೂ ಇದ್ದವು, ಯಾವಾಗಲೂ ಬದಲಾಗುತ್ತಿದ್ದವು.

ಇಡೀ ವಾದದಲ್ಲಿ ನನಗೆ ಅತ್ಯಂತ ಚುರುಕಾಗಿ ಕಾಣುವುದು ಸಮಂತಭದ್ರನ ಈ ಜಾಗ. ಇಷ್ಟು ಹೊತ್ತು ಪಾತ್ರೆಯಲ್ಲಿ ಏನಾಯಿತು ಎಂದು ಜಗಳ ನಡೆಯುತ್ತಿತ್ತು. ಆದರೆ ಈ ಶ್ಲೋಕ ನೋಡಿದರೆ, ಆದದ್ದರ ಬಗ್ಗೆ ಯಾರಿಗೂ ತಕರಾರಿಲ್ಲ. ಯಾವುದನ್ನು ಅದೇ ವಸ್ತು ಎಂದು ಲೆಕ್ಕ ಹಿಡಿಯಬೇಕು ಎಂಬುದರಲ್ಲಿ ತಕರಾರು. ಗೋರಸವನ್ನು, ಅಂದರೆ ಹಾಲು ಮೊಸರು ಎರಡಕ್ಕೂ ಸಲ್ಲುವ 'ಹಸುವಿನದ್ದು' ಎಂಬುದನ್ನು ಲೆಕ್ಕ ಹಿಡಿದರೆ ಸಾಂಖ್ಯರು ಸರಿ, ಮೊಸರನ್ನು ಹಿಡಿದರೆ ನೈಯಾಯಿಕರು ಸರಿ. ಹಾಗಂತ ಇದು ನೋಡುವವರ ಇಷ್ಟಕ್ಕೆ ಬಿಟ್ಟದ್ದು ಅಂತ ಜೈನರು ಹೇಳುವುದಿಲ್ಲ. ಮೂರು ಮುಖವೂ ವಸ್ತುವಿನಲ್ಲೇ ಇವೆ, ನಮ್ಮ ವ್ರತ ಒಂದನ್ನು ಎತ್ತಿ ತೋರಿಸುತ್ತದೆ. ವಸ್ತುವಿಗೆ ಹಲವು ಮುಖ ಎನ್ನುವ ಜೈನರ ಅನೇಕಾಂತವಾದವನ್ನು 'ಎಲ್ಲರೂ ಹೇಳುವುದು ಸರಿ' ಎಂದು ಕರಗಿಸಿ ಭಾಷಣ ಮಾಡುವವರು ಈ ಭಾಗವನ್ನು ಬಿಟ್ಟುಬಿಡುತ್ತಾರೆ.

ಶೃಂಗೇರಿಯ ಉತ್ತರ ಬೇರೆಯೇ. ಅದಕ್ಕೆ ಮೊದಲು ಒಂದು ಸ್ವಾರಸ್ಯ. ವೇದಾಂತಿಗಳ ಮೂಲಗ್ರಂಥಗಳಲ್ಲಿ ಒಂದಾದ ಬ್ರಹ್ಮಸೂತ್ರದ ಎರಡನೇ ಅಧ್ಯಾಯದಲ್ಲಿ, ಕುಂಬಾರನಿಗೆ ಕೋಲು, ಚಕ್ರ ಬೇಕು, ಎಲ್ಲಕ್ಕೂ ಮೂಲವಾದ ಒಂಟಿ ಬ್ರಹ್ಮ ಯಾವ ಸಲಕರಣೆಯೂ ಇಲ್ಲದೆ ಜಗತ್ತಾಗುವುದು ಹೇಗೆ ಎಂಬ ಆಕ್ಷೇಪ ಬರುತ್ತದೆ. ಹಾಲಿನಂತೆ ಎಂದು ಸೂತ್ರ ಉತ್ತರಿಸುತ್ತದೆ. ಹಾಲಿಗೂ ಬಿಸಿ ಮುಂತಾದವು ಬೇಕಲ್ಲ ಎಂದರೆ ಶಂಕರರು ಹೇಳುವುದು ಇದು: ಬಿಸಿ ಆ ಕೆಲಸವನ್ನು ಬೇಗ ಮಾಡಿಸುತ್ತದೆ ಅಷ್ಟೇ. ಮೊಸರಾಗುವ ಗುಣ ಹಾಲಿಗೇ ಇಲ್ಲದಿದ್ದರೆ ಬಿಸಿ ಬಲವಂತ ಮಾಡಲಾಗುತ್ತಿರಲಿಲ್ಲ, ಗಾಳಿಯನ್ನೋ ಆಕಾಶವನ್ನೋ ಎಷ್ಟು ಕಾಯಿಸಿದರೂ ಮೊಸರಾಗದು. ಇಷ್ಟನ್ನು ಓದಿದರೆ ಶಂಕರರು ಸಾಂಖ್ಯರ ಪಕ್ಕದಲ್ಲೇ ಕೂತ ಹಾಗೆ ಕಾಣುತ್ತದೆ.

ಆದರೆ ಅವರ ಪರಂಪರೆ ಅಲ್ಲಿ ನಿಲ್ಲುವುದಿಲ್ಲ. ಹಾಲು ಮೊಸರಾದ ಮೇಲೆ ಹಾಲು ಉಳಿಯುವುದಿಲ್ಲ ಅಲ್ವಾ? ಬ್ರಹ್ಮ ಹಾಗೇ ಜಗತ್ತಾಗಿಬಿಟ್ಟರೆ ಬ್ರಹ್ಮವೇ ಖರ್ಚಾಗಿ ಹೋಯಿತು. ಹದಿನಾಲ್ಕನೇ ಶತಮಾನದಲ್ಲಿ ಶೃಂಗೇರಿ ಪೀಠದಲ್ಲಿದ್ದ ವಿದ್ಯಾರಣ್ಯರ ಹೆಸರಿನಲ್ಲಿರುವ ಪಂಚದಶಿ ಇದನ್ನು ನೀಟಾಗಿ ಬಿಡಿಸಿ ಇಡುತ್ತದೆ. ನೂಲಿಂದ ಬಟ್ಟೆ, ಅದು ಆರಂಭ. ಹಾಲಿಂದ ಮೊಸರು, ಅದು ಪರಿಣಾಮ. ಹಗ್ಗದಲ್ಲಿ ಹಾವು, ಅದು ವಿವರ್ತ. ಮೂರನೆಯದರಲ್ಲಿ ಹಗ್ಗಕ್ಕೆ ಏನೂ ಆಗಿಲ್ಲ, ಬೇರೆ ಥರ ತೋರಿತು ಅಷ್ಟೇ. ಬ್ರಹ್ಮ ಜಗತ್ತಾದದ್ದು ಹೀಗೆ ಎಂಬುದು ಅದ್ವೈತದ ನಿಲುವು.

ಹಾಗಾದರೆ ಜಗತ್ತು ಸುಳ್ಳಾ? ಇಲ್ಲಿ ಜಾಸ್ತಿ ಜನ ಎಡವುತ್ತಾರೆ. ಅದ್ವೈತಿಗಳ ಮಿಥ್ಯೆ ಎಂದರೆ ಮೊಲದ ಕೊಂಬಿನಂತೆ ಇಲ್ಲವೇ ಇಲ್ಲದ್ದು ಅಲ್ಲ. ಹಾವು ಕಂಡದ್ದು ನಿಜ, ಹೆದರಿದ್ದೂ ನಿಜ. ತಿಳಿದ ಮೇಲೆ ಅದು ನಿಲ್ಲುವುದಿಲ್ಲ, ಹಾಗಾಗಿ ಪೂರ್ತಿ ನಿಜವೂ ಅಲ್ಲ. ವ್ಯವಹಾರದ ಮಟ್ಟದಲ್ಲಿ ಹಾಲು ಮೊಸರಾಗುವುದನ್ನು ಅವರು ಪೂರ್ತಿ ಒಪ್ಪುತ್ತಾರೆ. ನನಗೆ ಇಲ್ಲಿ ಇರುವ ಅನುಮಾನ ಬೇರೆ. ಹಗ್ಗ, ಹಾವು ಎಂಬ ಉದಾಹರಣೆಯಲ್ಲಿ ನೋಡುವವನೊಬ್ಬ ಹೊರಗೆ ನಿಂತಿದ್ದಾನೆ. ಬ್ರಹ್ಮದ ಹೊರಗೆ ಯಾರು ನಿಲ್ಲಬೇಕು? ಹೀಗೆ ತಪ್ಪಾಗಿ ತೋರಿಸುವ ಅವಿದ್ಯೆ, ಅಂದರೆ ಅಜ್ಞಾನ, ಯಾರದು ಎಂಬ ಪ್ರಶ್ನೆಗೆ ಅದ್ವೈತಿಗಳೇ ಎರಡು ಪಂಗಡವಾದರು. ಭಾಮತೀ ಕಡೆಯವರು ಜೀವದ್ದು ಎಂದರು, ವಿವರಣ ಕಡೆಯವರು ಬ್ರಹ್ಮವನ್ನೇ ಆಶ್ರಯಿಸಿದ್ದು ಎಂದರು.

ಬೇಲೂರಿನ ಚೆನ್ನಕೇಶವ ದೇವಾಲಯ 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ್ದು. ರಾಮಾನುಜರ ಪ್ರಭಾವದಿಂದ ಅವನು ವೈಷ್ಣವನಾದ ಎಂಬುದು ಸಂಪ್ರದಾಯದ ಮಾತು, ರಾಣಿ ಶಾಂತಲೆ ಜೈನಳಾಗಿಯೇ ಉಳಿದಳು. ರಾಮಾನುಜರಿಗೆ ಬದಲಾವಣೆ ನಿಜ, ತೋರಿಕೆಯಲ್ಲ. ಜೀವಗಳು, ಜಡವಸ್ತು ಎರಡೂ ಸೇರಿ ಬ್ರಹ್ಮದ ಶರೀರ. ಪ್ರಳಯದಲ್ಲಿ ಆ ಶರೀರ ಸೂಕ್ಷ್ಮವಾಗಿರುತ್ತದೆ, ಸೃಷ್ಟಿಯಲ್ಲಿ ಸ್ಥೂಲವಾಗುತ್ತದೆ. ಬದಲಾಗುವುದು ಶರೀರ, ಶರೀರಿ ಅಲ್ಲ. ಬ್ರಹ್ಮ ಖರ್ಚಾಗುವ ಸಮಸ್ಯೆಗೆ ಇದು ಇನ್ನೊಂದು ದಾರಿ.

ಅದೇ ಬೇಲೂರಿನ ದೇವಾಲಯದಲ್ಲಿ ಒಂದು ಶಾಸನ ಶ್ಲೋಕ ಇದೆ. ಶೈವರು ಶಿವನೆಂದು, ವೇದಾಂತಿಗಳು ಬ್ರಹ್ಮವೆಂದು, ಬೌದ್ಧರು ಬುದ್ಧನೆಂದು, ನೈಯಾಯಿಕರು ಕರ್ತನೆಂದು, ಜೈನರು ಅರ್ಹಂತನೆಂದು, ಮೀಮಾಂಸಕರು ಕರ್ಮವೆಂದು ಯಾರನ್ನು ಉಪಾಸಿಸುತ್ತಾರೋ ಆ ಕೇಶವ ನಿಮ್ಮ ಇಷ್ಟ ಈಡೇರಿಸಲಿ ಎಂಬ ಭಾವದ್ದು. ಎಲ್ಲ ಒಂದೇ ಎನ್ನಲು ಇದನ್ನು ಆಗಾಗ ಎತ್ತುತ್ತಾರೆ. ನನಗೆ ಕಾಣುವುದು ಅದನ್ನು ಬರೆದವರ ನಿಖರತೆ. ನೈಯಾಯಿಕರಿಗೆ ಕರ್ತ, ವೇದದ ಯಜ್ಞಕರ್ಮವೇ ಮುಖ್ಯ ಎನ್ನುವ ಮೀಮಾಂಸಕರಿಗೆ ಕರ್ಮ. ಯಾರ ವಾದ ಯಾವುದು ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಕೊನೆಗೆ ಎಲ್ಲರನ್ನೂ ಕೇಶವನ ಮಡಿಲಿಗೆ ಹಾಕಿದ್ದು ಅವರ ಪಕ್ಷದ ಮಾತು, ಜೈನರು ಅದನ್ನು ಒಪ್ಪಬೇಕಿಲ್ಲ.

ಇನ್ನೊಂದು ಪ್ರಶ್ನೆ ಉಳಿದಿದೆ: ಯಾಕಾಗಿ? ಜಗತ್ತು ಬದಲಾಗುವುದಕ್ಕೆ ಉದ್ದೇಶ ಏನಾದರೂ ಇದೆಯಾ? ಇಲ್ಲೂ ಹಾಲೇ ಬರುತ್ತದೆ. ಸಾಂಖ್ಯಕಾರಿಕೆಯ 57ನೇ ಶ್ಲೋಕ ಹೇಳುವಂತೆ, ಹಾಲಿಗೆ ಅರಿವಿಲ್ಲ, ಆದರೂ ಕರುವಿನ ಬೆಳವಣಿಗೆಗಾಗಿ ಹರಿಯುತ್ತದೆ. ಹಾಗೇ ಅರಿವಿಲ್ಲದ ಪ್ರಕೃತಿ ಪುರುಷನ ಬಿಡುಗಡೆಗಾಗಿ ದುಡಿಯುತ್ತದೆ. ಶಂಕರರು ಇದನ್ನು ಬಿಡುವುದಿಲ್ಲ. ಹಾಲು ತಾನಾಗಿ ಎಲ್ಲಿ ಹರಿಯುತ್ತದೆ? ಹಸುವಿನ ಮಮತೆ ಬೇಕು, ಕರು ಚೀಪಬೇಕು. ಅಜ್ಜಂಪುರದ ಅಮೃತ್ ಮಹಲ್ ತಳಿಯನ್ನೋ ಬೇರೆ ನಾಟಿ ಹಸುವನ್ನೋ ಸಾಕಿದವರಿಗೆ ಇದು ಹೊಸ ಸುದ್ದಿಯಲ್ಲ, ಕರು ಬಾಯಿ ಹಾಕದೆ ಅವು ಸುಲಭಕ್ಕೆ ಹಾಲು ಬಿಡುವುದಿಲ್ಲ. ಕೆಚ್ಚಲಿಗೆ ಬಾಯಿ ತಗುಲಿದಾಗ ಆಕ್ಸಿಟೋಸಿನ್ ಎಂಬ ಹಾರ್ಮೋನು ಬಿಡುಗಡೆಯಾಗುತ್ತದೆ, ಅದರಿಂದ ಹಾಲು ಇಳಿಯುತ್ತದೆ ಎಂದು ಇಂದಿನ ವಿಜ್ಞಾನವೂ ಹೇಳುತ್ತದೆ. ಇದು ಶಂಕರರಿಗೆ ಅನುಕೂಲವೋ ಸಾಂಖ್ಯರಿಗೋ? ಹಾರ್ಮೋನಿಗೂ ಅರಿವಿಲ್ಲವಲ್ಲ. 1859ರಲ್ಲಿ ಡಾರ್ವಿನ್ ಮೂರನೆಯ ದಾರಿ ತೆರೆದ. ಹಾಲು ಕರುವಿಗೆ ಸಿಗುವಂಥ ಜೀವಿಗಳ ಸಂತಾನ ಉಳಿಯಿತು, ಉಳಿದವುಗಳದ್ದು ಉಳಿಯಲಿಲ್ಲ. ಉದ್ದೇಶ ಇದ್ದಂತೆ ಕಾಣುತ್ತದೆ, ಇಟ್ಟವರು ಯಾರೂ ಬೇಕಿಲ್ಲ.

ಪಾತ್ರೆಯೊಳಗೆ ನಿಜವಾಗಿ ಆಗುವುದೇನು ಎಂಬುದು ಈಗ ಗೊತ್ತಿದೆ. ಹಾಲಿನ ಪ್ರೋಟೀನಿನಲ್ಲಿ ನೂರಕ್ಕೆ ಸುಮಾರು 80 ಪಾಲು ಕೇಸಿನ್. ಅದು ಸಣ್ಣ ಸಣ್ಣ ಗುಂಡುಗಳಾಗಿ ತೇಲುತ್ತಿರುತ್ತದೆ. ಹೆಪ್ಪಿನಲ್ಲಿರುವ ಬ್ಯಾಕ್ಟೀರಿಯಾ ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ. ಹುಳಿ ಹೆಚ್ಚಿದಂತೆ ಇಳಿಯುವ ಪಿಎಚ್ ಎಂಬ ಅಳತೆ ಸುಮಾರು 6.6ರಿಂದ 4.6ರ ಕಡೆಗೆ ಇಳಿದಾಗ ಗುಂಡುಗಳು ಒಂದಕ್ಕೊಂದು ಅಂಟಿ ಬಲೆಯಾಗುತ್ತವೆ, ನೀರು ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಕೇಸಿನ್ ಮೊದಲೇ ಇತ್ತು, ಸಾಂಖ್ಯರಿಗೆ ಒಂದು ಅಂಕ. ಗಟ್ಟಿತನ ಯಾವ ಒಂದು ಕಣದಲ್ಲೂ ಇರಲಿಲ್ಲ, ಜೋಡಣೆಯಿಂದ ಬಂತು, ನೈಯಾಯಿಕರಿಗೆ ಒಂದು. 1972ರಲ್ಲಿ ಭೌತವಿಜ್ಞಾನಿ ಫಿಲಿಪ್ ಆಂಡರ್ಸನ್ ಹೇಳಿದ್ದೂ ಇದಕ್ಕೆ ಹತ್ತಿರದ್ದೇ. ಕಣಗಳು ಬಹಳ ಕೂಡಿದಾಗ ಬಿಡಿ ಕಣಗಳ ನಿಯಮದಿಂದ ಸುಲಭಕ್ಕೆ ಊಹಿಸಲಾಗದ ಹೊಸ ಗುಣಗಳು ಬರುತ್ತವೆ.

ಇವರೆಲ್ಲರ ವಾದದಲ್ಲಿ ಸರಿಯಾದ ಮರ್ಯಾದೆ ಸಿಗದೇ ಹೋದದ್ದು ಹೆಪ್ಪಿಗೆ. ಹಾಲನ್ನು ಮುಖ್ಯ ಮಾಡಿ ಉಳಿದದ್ದನ್ನು ಸಹಾಯಕರ ಸಾಲಿಗೆ ತಳ್ಳಿದರು. ಅದರೊಳಗೆ ಜೀವ ಇದೆ, ಹುಳಿ ಬರಿಸುವುದು ಅದೇ ಎಂಬುದಕ್ಕೆ 1857ರಲ್ಲಿ ಲೂಯಿ ಪಾಶ್ಚರನ ಕೆಲಸ ಬರಬೇಕಾಯಿತು. ಬೌದ್ಧರು ಮಾತ್ರ ಎಲ್ಲ ಕಾರಣಗಳನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದ್ದರಿಂದ ಇಲ್ಲಿ ಅವರಿಗೆ ಏನೂ ತಿದ್ದಬೇಕಾಗಿ ಬರುವುದಿಲ್ಲ.

ಹೆಪ್ಪು ಎಂದರೂ ಮೊಸರೇ, ನಿನ್ನೆಯದು. ಅದಕ್ಕೆ ಮೊನ್ನೆಯದು. ಹಾಗಾದರೆ ಮೊದಲನೆಯ ಹೆಪ್ಪು? ಮೊಸರಿನ ಮಟ್ಟಿಗೆ ಉತ್ತರ ಸುಲಭ. ಕೆಚ್ಚಲಲ್ಲಿ, ಪಾತ್ರೆಯಲ್ಲಿ, ಗಾಳಿಯಲ್ಲಿ ಬ್ಯಾಕ್ಟೀರಿಯಾ ಇದ್ದೇ ಇರುತ್ತವೆ, ಹಸಿ ಹಾಲು ಬಿಟ್ಟರೆ ತಾನೇ ಹುಳಿಯಾಗುತ್ತದೆ. ಜಗತ್ತಿನ ಮಟ್ಟಿಗೆ ಮೀಮಾಂಸಕರು ಮೊದಲು ಎಂಬುದನ್ನೇ ಒಪ್ಪಲಿಲ್ಲ, ಜಗತ್ತು ಯಾವಾಗಲೂ ಹೀಗೇ ಇತ್ತು ಎಂದರು. ಭೌತವಿಜ್ಞಾನ ಸುಮಾರು 1380 ಕೋಟಿ ವರ್ಷ ಹಿಂದಕ್ಕೆ, ತೀರಾ ಬಿಸಿಯಾದ, ಒತ್ತೊತ್ತಾದ ಒಂದು ಸ್ಥಿತಿಯವರೆಗೆ ಹೋಗಿ ನಿಲ್ಲುತ್ತದೆ. ಅದಕ್ಕೂ ಮೊದಲು ಏನೋ ಇತ್ತು ಎನ್ನುವವರಿಗೆ ನೈಯಾಯಿಕರ ಪ್ರಶ್ನೆ ಕಾದಿದೆ: ಇದ್ದದ್ದು ಆವಾಗಲೇ ಯಾಕೆ ಜಗತ್ತಾಗಲಿಲ್ಲ? ಏನೂ ಇರಲಿಲ್ಲ ಎನ್ನುವವರು ಸಾಂಖ್ಯರ ಐದು ಕಾರಣಗಳಿಗೆ ಒಂದೊಂದಾಗಿ ಉತ್ತರ ಕೊಡಬೇಕು.